ಹಿಂದಿಂದ ಬಂದು ಬಡದ್ರ ತಪ್ಪು ಯಾರದು?

ನಮ್ಮ ಕಡೆ ರಸ್ತಾದಾಗ ಎರಡು ಗಾಡಿ ಬಡದ್ವು ಅಂದ್ರ ಪೊಲೀಸರು ಬರೂದರಾಗ ನ್ಯಾಯ ಮುಗದೇ ಬಿಟ್ಟಿರ್ತದ. ಚಹಾದಂಗಡಿಯವ, ಆಟೋದವ, ಬಸ್ಸಿನ ದಾರಿ ಕಾಯ್ಕೋತ ನಿಂತವರು ಎಲ್ಲಾರೂ ಕೂಡಿ ಐದು ನಿಮಿಷದಾಗ ತೀರ್ಪು ಕೊಡ್ತಾರ. ಆ ತೀರ್ಪಿಗೆ ಅವರವೇ ಕಾಯ್ದೆ ಇರ್ತಾವ. ದೊಡ್ಡ ಗಾಡಿ, ಸಣ್ಣ ಗಾಡಿ ಬಡದ್ರ ದೊಡ್ಡ ಗಾಡಿಯವಂದು ತಪ್ಪು. ಒಂದರ ಹಿಂದ ಒಂದು ಬಡದ್ರ ಹಿಂದಿನವಂದು ತಪ್ಪು. ನಂಬರ್ ಪ್ಲೇಟು ಹೊರಗಿನ ಊರಿಂದಿದ್ರ ಆ ಊರವಂದು ತಪ್ಪು. ಮತ್ತ ಸ್ಟಿಯರಿಂಗ್ ಮುಂದ ಹೆಣ್ಣುಮಗಳು ಕೂತಿದ್ಲು ಅಂದ್ರ ಈ ಮೂರೂ ಕಾಯ್ದೆ ರದ್ದು, ತಪ್ಪು ಆಕೀದೇ.

ಚಾಷ್ಟಿ ಮಾಡ್ಲಿಕತ್ತಿಲ್ಲ ನಾನು. ಒಂದೇ ವರ್ಷದಾಗ ಎರಡು ಸಲ ನಮ್ಮ ಮನಿತನದಾಗ ಈ ಪ್ರಶ್ನೆ ಬಂತು. ಒಂದು ಸಲ ಮುರದದ್ದು ಬಂಪರು. ಇನ್ನೊಂದು ಸಲ ಒಂದು ಸಂಸಾರನ ಮುರೀತು.

ಮೊದಲ ಬಂಪರಿಂದು ಹೇಳ್ತೀನಿ. ಶ್ರಾವಣ ಶುಕ್ರವಾರಕ್ಕ ಕಣ, ಬಳಿ ತರಬೇಕಂತ ನಾನು, ನಮ್ಮ ಸೊಸಿ ಹುಬ್ಬಳ್ಳಿಗೆ ಹೋಗಿದ್ವಿ. ತಿರುಗಿ ಧಾರವಾಡಕ್ಕ ಬರಬೇಕಾದ್ರ ಆಕೀನೇ ಕಾರು ಹೊಡೀಲಿಕತ್ತಿದ್ಲು. ಆಕಿ ಗಾಡಿ ಹೊಡಿಯೂದು ಹೆಂಗಂದ್ರ, ಬಾಜೂಕ ಕೂತು ತೊಡಿಮ್ಯಾಲೆ ಬುಟ್ಟಿ ಇಟಗೊಂಡು ಅವರಿಕಾಯಿ ಸುಲೀಬಹುದು, ಒಂದು ಕಾಳು ಕೆಳಗ ಬೀಳಂಗಿಲ್ಲ. ಉಣಕಲ್ ಕೆರಿ ದಾಟಿ ಭೈರಿದೇವರಕೊಪ್ಪದ ಹತ್ರ ಬಂದಿದ್ವಿ. ಚಿಗರಿ ಬಸ್ಸಿನ ಸ್ಟೇಷನ್ ಕಡಿಂದ ಸಾಲಿ ಹುಡುಗ ಒಬ್ಬಾಂವ ಚೀಲಾ ಹಾಕ್ಕೊಂಡು ಒಮ್ಮಿಗೇ ಅಡ್ಡ ಓಡಿ ಬಂದ. ಸೊಸಿ ಬ್ರೇಕ್ ಒತ್ತಿದ್ಲು. ಹುಡುಗ ಉಳಕೊಂಡ. ನಾವಿಬ್ಬರೂ ಉಸಿರು ಬಿಡೂದರಾಗ ಹಿಂದಿಂದ ಧಡ್ ಅಂತ ಬಡೀತು. ಬಳಿ ಡಬ್ಬಿ ಹಾರಿ ಗ್ಲಾಸಿಗೆ ಹೋಗಿ ಬಡಕೊಂಡ್ವು.

ಹಿಂದಿನ ಕಾರಿನಾಂವ ಇಳಿದು ಬಂದ. ಅಂವ ಮೊದಲ ನೋಡಿದ್ದು ಬಂಪರ್ ಅಲ್ಲ, ಡ್ರೈವರ್ ಸೀಟು. ಅಲ್ಲೆ ಹೆಣ್ಣುಮಗಳನ್ನ ನೋಡಿದ ಕೂಡ್ಲೆ ಅವನ ದನಿ ಎರಡು ಪಟ್ಟು ಏರಿತು. "ಏನ್ರಿ ಮೇಡಂ, ಹಿಂಗ ನಡು ರಸ್ತಾದಾಗ ಬ್ರೇಕ್ ಹೊಡದ್ರ ಹಿಂದಿನವರು ಏನ್ ಮಾಡಬೇಕ್ರಿ? ಬರೂದಿಲ್ಲಾಂದ್ರ ಗಾಡಿ ಯಾಕ ತರ್ತೀರಿ?" ಮಂದಿ ಕೂಡಿದ್ರು. ಎಲ್ಲಾರೂ ತಲಿ ಹಾಕಿದ್ರು, ಹೌದು ಹೌದು, ಲೇಡೀಸ್ ಹಿಂಗೇ ಬ್ರೇಕ್ ಹೊಡೀತಾರ ಅಂತ. ಓಡಿ ಬಂದ ಹುಡುಗ ಎತ್ತ ಹೋದನೋ ಏನೋ, ಅವನ್ನ ಕಂಡವರು ಒಬ್ರೂ ಇಲ್ಲ. ಹೆಡ್‌ಲೈಟ್ ಒಡದದ, ಹತ್ತು ಸಾವಿರ ಕೊಡ್ರಿ ಅಂದ. ನಮ್ಮ ಸೊಸಿ ಎಂ.ಕಾಂ. ಮಾಡ್ಯಾಳ, ಮಂದೀ ಲೆಕ್ಕಪತ್ರ ಎಲ್ಲಾ ನೋಡ್ತಾಳ, ಆದ್ರ ಕೈ ನಡುಗಿಸಿಕೋತ ಫೋನ್ ತಗದು ರೊಕ್ಕ ಕಳಸಲಿಕ್ಕೆ ಹೊಂಟಿದ್ಲು. "ಒಂದು ಪೈಸಾ ಕಳಸಬ್ಯಾಡವಾ" ಅಂತ ನಾನು ಫೋನ್ ಕಸಗೊಂಡೆ.

ಅಷ್ಟರಾಗ ಟ್ರಾಫಿಕ್ ಹವಾಲ್ದಾರ್ರು ಒಬ್ರು ಬಂದ್ರು. ಎರಡೂ ಗಾಡಿ ಸುತ್ತು ಹೊಡದು ನೋಡಿದ್ರು. ಆಮ್ಯಾಲೆ ಆ ಮನಷ್ಯಾನ್ನ ಎರಡೇ ಮಾತು ಕೇಳಿದ್ರು.

"ಎಷ್ಟು ಸ್ಪೀಡಿನ್ಯಾಗ ಇದ್ರಿ?"

"ನಲವತ್ತು ಇರಬೇಕ್ರಿ ಸರ್."

"ಇವರ ಗಾಡಿಗೂ ನಿಮ್ಮ ಗಾಡಿಗೂ ನಡುವ ಜಾಗಾ ಎಷ್ಟಿತ್ತು?"

"ಇತ್ತರಿ, ಒಂದು ಗಾಡಿ ನಿಲ್ಲೂ ಅಷ್ಟು."

ಹವಾಲ್ದಾರ್ರು ನಕ್ಕರು. "ಅಲ್ಲಿಗೆ ಮುಗೀತಲ್ಲರಿ" ಅಂದ್ರು. ನನಗ ಆಗ ತಿಳೀಲಿಲ್ಲ ಯಾಕ ಮುಗೀತು ಅಂತ. ಮನೀಗೆ ಬಂದ ಮ್ಯಾಲೆ ನಮ್ಮ ಮನಿಯವರು ಲೆಕ್ಕಾ ಹಾಕಿ ತೋರಿಸಿದ್ರು. ತಾಸಿಗೆ 40 ಕಿಲೋಮೀಟರ್ ವೇಗ ಅಂದ್ರ ಒಂದು ಸೆಕೆಂಡಿಗೆ ಸುಮಾರು 11 ಮೀಟರ್. ನಮ್ಮ ಭಾಷಾದಾಗ ಹೇಳಬೇಕಂದ್ರ ಆರು ವಾರಿ ಸೀರಿ ಎರಡು, ಸೆರಗಿಗೆ ಸೆರಗು ಹಚ್ಚಿ ಉದ್ದಕ್ಕ ಹಾಸಿದಷ್ಟು. 60 ರ ವೇಗ ಆದ್ರ ಮೂರು ಸೀರಿ. ಮುಂದಿನ ಗಾಡಿಯ ಕೆಂಪು ದೀಪ ಕಣ್ಣಿಗೆ ಕಂಡು, ಅದು ತಲಿಗೆ ಹೋಗಿ, ಕಾಲು ಬ್ರೇಕಿನ ಮ್ಯಾಲೆ ಬರೂದಕ್ಕ ಆ ಒಂದು ಸೆಕೆಂಡ್ ಬೇಕೇ ಬೇಕು. ಬ್ರೇಕ್ ಒತ್ತಿದ ಮ್ಯಾಲೂ ಗಾಡಿ ಅಲ್ಲೇ ನಿಲ್ಲಂಗಿಲ್ಲ, ಮತ್ತ ಒಂದಿಷ್ಟು ಹೋಗಿ ನಿಲ್ತದ. ಒಂದು ಗಾಡಿಯಷ್ಟು ಜಾಗಾ ಅಂದ್ರ ನಾಲ್ಕು ಮೀಟರ್, ಒಂದು ಸೀರಿನೂ ಪೂರ್ತಿ ಆಗೂದಿಲ್ಲ. ಮತ್ತ ಬಡೀದs ಇರ್ತದೇನು?

ಇದನ್ನ ಕಾಯ್ದೇದಾಗೂ ಬರದಾರ. 1989 ರ ರಸ್ತಾ ನಿಯಮದಾಗ 23 ನೇದು ಇದೇ ಇತ್ತು: ಮುಂದಿನ ಗಾಡಿ ಒಮ್ಮಿಗೇ ನಿಧಾನ ಆದ್ರೂ, ನಿಂತ್ರೂ ಬಡೀದಂಗ ಇರಬೇಕು, ಅಷ್ಟು ಅಂತರ ಹಿಂದಿನವ ಇಟಗೋಬೇಕು. 2017 ರಾಗ ಹೊಸಾ ನಿಯಮ ಬಂದ್ವು, ಈ ಮಾತು ಮಾತ್ರ ಹಂಗೇ ಉಳೀತು. "ಒಮ್ಮಿಗೇ ನಿಂತ್ರೂ" ಅಂತ ಅಲ್ಲೇ ಅದ ನೋಡ್ರಿ. ಅಂದ್ರ "ಅವರು ಒಮ್ಮಿಗೇ ಬ್ರೇಕ್ ಹೊಡದ್ರು" ಅನ್ನೂದು ಹಿಂದಿನವಗ ದೊಡ್ಡ ನೆವ ಆಗಂಗಿಲ್ಲ. 2018 ರಾಗ ಸುಪ್ರೀಂ ಕೋರ್ಟಿಗೆ ಇಂಥಾದೇ ಒಂದು ಕೇಸು ಹೋಗಿತ್ತು. ಲಾರಿ ಹಿಂದ ಕಾರು ಹೊಂಟಿತ್ತು, ನಡುವ ಹತ್ತು ಹದಿನೈದು ಅಡಿ ಅಷ್ಟೇ. ಲಾರಿ ಒಮ್ಮಿಗೇ ಬ್ರೇಕ್ ಹಾಕಿತು ಅಂತ ಕಾರಿನವರ ಕಡಿಯವರು ವಾದ ಮಾಡಿದ್ರು. ಸಾಕಷ್ಟು ಅಂತರ ಇಡೂದು ಹಿಂದಿನವನ ಕೆಲಸಾ ಅಂತ ಹೇಳಿ ಕೋರ್ಟು ಲಾರಿಯವನ ಮ್ಯಾಲೆ ತಪ್ಪು ಹೊರಸಲಿಲ್ಲ.

ಹಂಗಂತ ಮುಂದಿನವರು ಮನಸಿಗೆ ಬಂದಲ್ಲೆ ಬ್ರೇಕ್ ಹೊಡೀಬಹುದು ಅಂತಲ್ಲ. ಸುರಕ್ಷತಾಕ್ಕ ಅವಶ್ಯ ಇದ್ದಾಗ ಬಿಟ್ಟು ಒಮ್ಮಿಗೇ ಬ್ರೇಕ್ ಹಾಕಬಾರದು ಅಂತ ಅದೇ ಹಳೇ ನಿಯಮದಾಗ ಬ್ಯಾರೆ ಬರದಿತ್ತು. ಸಾಲಿ ಹುಡುಗ ಗಾಲಿ ಕೆಳಗ ಬರೂದಕ್ಕಿಂತ ಅವಶ್ಯ ಮತ್ತೇನಿರ್ತದ? ಹತ್ತು ಸಾವಿರ ಕೇಳಿದಾಂವ ಹವಾಲ್ದಾರ್ರು ಗಾಡಿ ನಂಬರ್ ಬರಕೊಳ್ಳೂದು ನೋಡಿ ಸುಮ್ಮನ ಗಾಡಿ ಹತ್ತಿ ಹೋದ.

ಆದ್ರ ನಮ್ಮ ಡಿಕ್ಕಿ ಬಾಗಲು ಒಳಗ ಹೋಗಿತ್ತಲ್ಲ, ಅದರದ್ದೇ ಒಂದು ಕಥಿ ಆತು. ಅವನ ಇನ್ಶುರನ್ಸಿಂದ ತಗೋಬೇಕಂದ್ರ ಕೇಸು ಹಾಕಿ ನ್ಯಾಯಾಧಿಕರಣಕ್ಕ ಅಡ್ಡಾಡಬೇಕು. ಬಂಪರಿನ ಸಲವಾಗಿ ಯಾರು ಅಡ್ಡಾಡ್ತಾರ? ನಮ್ಮದೇ ಇನ್ಶುರನ್ಸಿನ್ಯಾಗ ರಿಪೇರಿ ಮಾಡಿಸಿದ್ವಿ. ಮೂರು ವರ್ಷ ಕ್ಲೇಮ್ ಇಲ್ಲದ ಕೂಡಿಸಿಟ್ಟಿದ್ದ 35 ಪರ್ಸೆಂಟ್ ನೋ ಕ್ಲೇಮ್ ಬೋನಸ್ ಸೊನ್ನಿಗೆ ಬಂತು. ತಪ್ಪು ಯಾರದು ಅಂತ ಆ ಬೋನಸ್ ಕೇಳಂಗಿಲ್ಲ, ಕ್ಲೇಮ್ ಮಾಡಿದಿ, ಹೋತು. ಬಡದಾಂವ ಅಂವ, ದಂಡ ಕಟ್ಟಿದವರು ನಾವು. ಮತ್ತ ಅದಕ್ಕಿಂತ ದೊಡ್ಡದಂದ್ರ, ಸೊಸಿ ಕಾರಿನ ಕೀಲಿ ಒಯ್ದು ದೇವರ ಮನಿ ಮಾಡದಾಗ ಇಟ್ಟಳು. "ಅತ್ಯಾ, ನಾ ಇನ್ನ ಹೊಡಿಯೂದಿಲ್ರಿ" ಅಂದ್ಲು. ಕಾಯ್ದೆ ಆಕಿ ಕಡೆ ಇತ್ತು. ಆದ್ರ ಕಿವಿಯೊಳಗ ಇದ್ದದ್ದು ಆ ಮಂದಿ ಮಾತು.

ಇನ್ನ ಎರಡನೇದು. ಇದನ್ನ ಬರೀಲೋ ಬ್ಯಾಡೋ ಅಂತ ಬಾಳ ದಿನ ವಿಚಾರ ಮಾಡಿದೆ. ನಮ್ಮ ಕಾಕಾನ ಮಗಳೇ ಬರಿ ಅಂದ್ಲು. "ಬರಿ ಅಕ್ಕಾ, ನನ್ನಂಗ ಮತ್ತೊಬ್ಬಾಕಿ ಮಂದಿ ಮಾತು ಕೇಳಿ ಕೂಡಬಾರದು" ಅಂತ.

ಆಕಿ ಗಂಡ ಡಿಸೆಂಬರದಾಗ, ಕಬ್ಬಿನ ಹಂಗಾಮಿನ್ಯಾಗ, ರಾತ್ರಿ ಎಂಟೂವರಿ ಸುಮಾರು ಬೈಕಿನ ಮ್ಯಾಲೆ ಮನೀಗೆ ಬರ್ಲಿಕತ್ತಿದ್ರು. ಮಲಪ್ರಭಾ ದಂಡಿ ಕಡೆ ರಸ್ತಾ ಹೆಂಗಿರ್ತಾವ ಗೊತ್ತಲ್ಲ ನಿಮಗ, ಎರಡೂ ಕಡೆ ಕಬ್ಬು, ಒಂದು ದೀಪ ಇಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಟ್ರೇಲರಿನ ಗಾಲಿ ಪಂಕ್ಚರ್ ಆಗಿ ರಸ್ತಾದ ಮ್ಯಾಲೇ ನಿಂತಿತ್ತು. ಹಿಂದ ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿ ಇಲ್ಲ, ಎರಡು ಕಲ್ಲು, ಒಂದು ಗಿಡದ ಟೊಂಗಿ ಸೈತ ಇಟ್ಟಿದ್ದಿಲ್ಲ. ಎದುರಿಂದ ಬರೂ ಗಾಡಿಯ ಬೆಳಕು ಕಣ್ಣಿಗೆ ಹೊಡದಾಗ ನಿಂತ ಕಬ್ಬಿನ ಗಾಡಿ ಕತ್ತಲಿಯೊಳಗ ಕತ್ತಲಿನೇ ಆಗಿರ್ತದ. ಅವರು ಸೀದಾ ಹೋಗಿ ಅದರ ಹಿಂದ ಬಡದ್ರು. ದವಾಖಾನಿ ಮುಟ್ಟಲಿಲ್ಲ.

ಹದಿನಾಲ್ಕನೇ ದಿನದ ಊಟಕ್ಕ ಕೂಡಿದ ಮಂದಿ ಅಲ್ಲೇ ಎಲಿ ಮುಂದ ತೀರ್ಪು ಕೊಟ್ರು. "ಹಿಂದಿಂದ ಹೋಗಿ ಬಡದದ್ದು ಅವರೇ ಅಲ್ಲವಾ, ಪರಿಹಾರ ಎಲ್ಲಿ ಬರ್ತದ? ಕೋರ್ಟು ಕಚೇರಿ ಅಂತ ಇದ್ದ ರೊಕ್ಕಾನೂ ಕಳಕೋಬ್ಯಾಡ." ಪೊಲೀಸರ ಕಾಗದದಾಗೂ ಬೈಕಿನವರ ಅಜಾಗರೂಕತಾ ಅಂತನ ಬಂದಿತ್ತು. ಸತ್ತವರ ಮ್ಯಾಲೇ ಕೇಸು. ಆಕಿ ಅದನ್ನ ಓದಿ ಮಡಚಿ ಟ್ರಂಕಿನ್ಯಾಗ ಇಟ್ಟು ಬಿಟ್ಟಿದ್ಲು. ಮನ್ಯಾಗ ಎರಡು ಹೆಣ್ಣುಮಕ್ಕಳು, ದೊಡ್ಡದು ಪಿ.ಯು.ಸಿ., ಸಣ್ಣದು ಏಳನೇತ್ತಾ.

ಬೈಕಿನ ಇನ್ಶುರನ್ಸಿನ್ಯಾಗ ಗಾಡಿ ಮಾಲೀಕರಿಗೆ 15 ಲಕ್ಷದ್ದು ವೈಯಕ್ತಿಕ ಅಪಘಾತ ವಿಮಾ ಇರ್ತದ. ಅದು ತಪ್ಪು ಯಾರದು ಅಂತ ಕೇಳಂಗಿಲ್ಲ. ಆದ್ರ ಗಾಡಿ ಹೊಡಿಯಾವರ ಹೆಸರಿಲೆ ಇರಬೇಕು, ಲೈಸೆನ್ಸ್ ಇರಬೇಕು. ಇವರ ಬೈಕು ಅಣ್ಣನ ಹೆಸರಿಲೆ ಇತ್ತು. ಆ ಬಾಗಲು ಹಂಗ ಮುಚ್ಚಿತು. (ನಿಮ್ಮ ನಿಮ್ಮ ಮನ್ಯಾಗ ಗಾಡಿ ಯಾರ ಹೆಸರಿಲೆ ಅವ, ಇವತ್ತೇ ಕಾಗದ ತಗದು ನೋಡ್ರಿ. ನಾನೂ ನೋಡಿದೆ.) ಇನ್ನ ಉಳದದ್ದು ಒಂದೇ, ಟ್ರ್ಯಾಕ್ಟರಿನವಂದೂ ತಪ್ಪು ಅದ ಅಂತ ಸಿದ್ಧ ಮಾಡೂದು.

ಧಾರವಾಡದಾಗ ಹೈಕೋರ್ಟ್ ಪೀಠ ಬಂದ ಮ್ಯಾಲೆ ನಮ್ಮ ಓಣ್ಯಾಗ ಮನಿಗೊಬ್ಬರು ವಕೀಲರು ಆಗ್ಯಾರ. ಅದರಾಗ ಒಬ್ರು ಇಂಥಾ ಕೇಸು ನೋಡೂ ಹೆಣ್ಣುಮಗಳು. ಒಂದು ಸಂಜಿಮುಂದ ಅವರ ಮನೀಗೆ ಹೋಗಿ ಎಲ್ಲಾ ಹೇಳಿದೆ. ಅವರು ಮೊದಲು ಕೇಳಿದ್ದು, "ಎಷ್ಟು ತಿಂಗಳಾತ್ರಿ?" ಅಂತ. ನಾಲ್ಕು ಅಂದೆ. "ಲಗೂನ ಬರ್ರಿ ಹಂಗಾರ. 2022 ರ ಏಪ್ರಿಲ್‌ನಿಂದ ಆರು ತಿಂಗಳೊಳಗ ಅರ್ಜಿ ಹಾಕಬೇಕು ಅಂತ ಕಾಯ್ದೇದಾಗ ಬಂದದ" ಅಂದ್ರು. ಎಲಿ ಮುಂದ ತೀರ್ಪು ಕೊಟ್ಟವರು ಯಾರೂ ಇದನ್ನ ಹೇಳಿದ್ದಿಲ್ಲ.

ಅವರು ತಿಳಿಸಿ ಹೇಳಿದ್ದನ್ನ ನನಗ ತಿಳದಂಗ ಹೇಳ್ತೀನಿ. ಹಿಂದಿನವಂದು ತಪ್ಪು ಅನ್ನೂದು ಅಡಿಗಿಗೆ ಉಪ್ಪು ಇದ್ದಂಗ, ಅಲ್ಲಿಂದ ಶುರು ಆಗ್ತದ, ಆದ್ರ ಉಪ್ಪೇ ಅಡಿಗಿ ಅಲ್ಲ. ಗಾಡಿಯನ್ನ ಮಂದಿಗೆ ಅಪಾಯ ಆಗೂ ಹಂಗ ಸಾರ್ವಜನಿಕ ಜಾಗಾದಾಗ ನಿಲ್ಲಸಬಾರದು ಅಂತ ಮೋಟಾರು ಕಾಯ್ದೇದ 122 ನೇ ಕಲಮು ಹೇಳ್ತದ. ಹಿಂದಿನವ ಅಂತರ ಇಡಬೇಕು ಖರೆ, ಆದ್ರ ಕಾಣಲಾರದ ಗಾಡಿಗೆ ಅಂತರ ಇಡೂದು ಹೆಂಗ? ಮತ್ತ ತಪ್ಪು ಅನ್ನೂದು ಕೋರ್ಟಿನ್ಯಾಗ ಇಡೀ ತೆಂಗಿನಕಾಯಿ ಹಂಗ ಒಬ್ಬರ ಕೈಯಾಗ ಹೋಗಬೇಕಂತಿಲ್ಲ. ಒಡದು ಪಾಲು ಹಚ್ಚತಾರ.

2025 ರ ಜುಲೈದಾಗ ಸುಪ್ರೀಂ ಕೋರ್ಟು ಹಂಗ ಪಾಲು ಹಚ್ಚಿದ ಒಂದು ತೀರ್ಪನ್ನ ಅವರು ಓದಿ ಹೇಳಿದ್ರು. 2017 ರಾಗ ತಮಿಳುನಾಡಿನ ಕೊಯಮತ್ತೂರಿನ್ಯಾಗ ಆದದ್ದು. ಇಂಜಿನಿಯರಿಂಗ್ ಓದೂ ಹುಡುಗ ಬೈಕಿನ ಮ್ಯಾಲೆ ಹೊಂಟಿದ್ದ, ಮುಂದಿನ ಕಾರು ಹೈವೇ ಮ್ಯಾಲೆ ಒಮ್ಮಿಗೇ ನಿಂತು ಬಿಡ್ತು. ಹುಡುಗ ಹಿಂದಿಂದ ಬಡದು ಬಿದ್ದ, ಹಿಂದ ಬಂದ ಬಸ್ಸು ಅವನ ಕಾಲಿನ ಮ್ಯಾಲೆ ಹೋತು. ಕಾಲು ತಗೀಬೇಕಾತು. ಕಾರಿನವರು ಏನಂದ್ರಂದ್ರ, ಬಸುರಿ ಹೆಂಡತಿಗೆ ವಾಂತಿ ಬಂದಂಗ ಆತು, ಅದಕ್ಕ ನಿಲ್ಲಿಸಿದೆ ಅಂತ. ಬಸುರಿ ಹೆಣ್ಣುಮಗಳ ಸಂಕಟ ನಮಗ ತಿಳೀದs? ಆದ್ರ ಹೈವೇ ಮ್ಯಾಲೆ ಹಿಂದಿನವರಿಗೆ ಸೂಚನಾ ಕೊಡದ ಹಂಗ ನಿಲ್ಲೂದು ತಪ್ಪೇ ಅಂತ ಕೋರ್ಟು ಹೇಳಿತು. ಕಾರಿನವರದು 50 ಪಾಲು, ಬಸ್ಸಿನವರದು 30, ಸಾಕಷ್ಟು ಅಂತರ ಇಡದ ಹುಡುಗಂದು 20. ಕೆಳಗಿನ ನ್ಯಾಯಾಧಿಕರಣ ಕಾರಿನವರದು ಏನೂ ತಪ್ಪಿಲ್ಲ ಅಂದಿತ್ತಂತ! ಹುಡುಗನ 20 ಪಾಲು ಕಳದು ಅವಗ 91 ಲಕ್ಷದ ಮ್ಯಾಲೆ ಪರಿಹಾರ ಬಂತು.

ಈ ಪಾಲಿನ ಲೆಕ್ಕಾ ನೋಡ್ರಿ, ಎಷ್ಟು ದೊಡ್ಡದು. ನಮ್ಮ ಹುಡುಗಿಗೆ 20 ಲಕ್ಷ ಬರಬೇಕು ಅಂತ ಕೋರ್ಟು ಲೆಕ್ಕಾ ಹಾಕಿತು ಅಂತ ಇಟಗೊಳ್ರಿ. ಗಂಡಂದು 30 ಪಾಲು ತಪ್ಪು ಅಂದ್ರ ಕೈಗೆ 14. ಎಪ್ಪತ್ತು ಪಾಲು ಅಂದ್ರ 6. ಪೂರಾ ಅವರದೇ ಅಂದ್ರ ಸೊನ್ನಿ. ದೊಡ್ಡ ಹುಡುಗಿ ಮುಂದ ಓದೂದು, ಬಿಡೂದು ಈ ಪಾಲಿನ ಮ್ಯಾಲೆ ನಿಂತದ.

ಪೊಲೀಸರು ಬರದದ್ದೇ ಕಡೀ ಮಾತಲ್ಲ ಅಂತನೂ ವಕೀಲರು ಅಂದ್ರು. ಪರಿಹಾರದ ಕೇಸಿನ್ಯಾಗ ಕ್ರಿಮಿನಲ್ ಕೇಸಿನಷ್ಟು ಬಿಗಿ ಸಾಕ್ಷಿ ಬೇಕಾಗಿಲ್ಲ, ತಕ್ಕಡಿ ಯಾವ ಕಡೆ ಜಗ್ತದ ನೋಡ್ತಾರ. ಆದ್ರ ತಕ್ಕಡ್ಯಾಗ ಹಾಕಲಿಕ್ಕೆ ಏನರೆ ಬೇಕಲ್ಲ? ನಮ್ಮ ಹತ್ರ ಏನಿತ್ತು? ಮರುದಿನ ನಮ್ಮ ತಮ್ಮ ಟ್ರೇಲರ್ ನೋಡ್ಲಿಕ್ಕೆ ಹೋದಾಗ ಅದರ ಹಿಂದ ಕೆಂಪು ರೇಡಿಯಂ ಪಟ್ಟಿ ಫಳಫಳ ಹೊಳೀಲಿಕತ್ತಿತ್ತಂತ. ಧೂಳು ತುಂಬಿದ ಹಲಗಿ ಮ್ಯಾಲೆ ಹೊಸಾ ಪಟ್ಟಿ, ಒಂದು ಗೀರು ಇಲ್ಲ. ಅಂವ ಶಾಣ್ಯಾ, ಧೂಳು ಸೈತ ಕಾಣೂ ಹಂಗ ಫೋಟೋ ಹೊಡಕೊಂಡು ಬಂದಿದ್ದ.

ಇನ್ನೊಂದು ಸಿಕ್ಕಿದ್ದು ಆಮ್ಯಾಲೆ. ಆ ರಾತ್ರಿ ಅವರನ್ನ ಎತ್ತಿ ದವಾಖಾನಿಗೆ ಒಯ್ದಾವರು ಹಾಲಿನ ಗಾಡಿಯ ಡ್ರೈವರ್ರು. ಬೈಕಿನ ನಂಬರ್ ಮನಿಮಂದಿಗೆ ತಿಳಸಲಿಕ್ಕೆ ಅಂತ ಅವರು ಫೋನಿನ್ಯಾಗ ಒಂದು ಫೋಟೋ ತಗದಿದ್ರು. ಅದರಾಗ ಬೈಕಿನ ಹಿಂದ ಟ್ರೇಲರ್ ಅರ್ಧ ಬಂದದ. ಫ್ಲ್ಯಾಷ್ ಬೆಳಕಿಗೆ ಬೈಕಿನ ನಂಬರ್ ಪ್ಲೇಟ್ ಹೊಳದದ, ಟ್ರೇಲರಿನ ಹಿಂದ ಏನೂ ಹೊಳದಿಲ್ಲ. ಆ ಫೋಟೋ ನೋಡಿ ವಕೀಲರು ಕನ್ನಡಕ ತಗದು ಒಂದು ನಿಮಿಷ ಸುಮ್ಮನ ಕೂತ್ರು.

ಸಾಕ್ಷಿ ಹೇಳ್ಲಿಕ್ಕೆ ಅವರು ಒಪ್ಪಲಿಲ್ಲ ಮೊದಲ. "ಪುಣ್ಯಾ ಮಾಡಲಿಕ್ಕೆ ಹೋಗಿ ಸ್ಟೇಷನ್ನಿಗೆ ಯಾರು ಅಡ್ಡಾಡ್ತಾರ್ರಿ ಅವ್ವಾರ" ಅಂದ್ರು. ತಪ್ಪಿಲ್ಲ ಅವರದು. ಗಾಯ ಆದವರನ್ನ ಎತ್ತಿದವರಿಗೆ ತ್ರಾಸ ಕೊಡಬಾರದು ಅಂತ 2019 ರ ತಿದ್ದುಪಡಿಯೊಳಗ 134 ಎ ಅಂತ ಕಲಮು ಬಂದದ, ಸಾಕ್ಷಿ ಹೇಳೂದು ಬಿಡೂದು ಅವರ ಮನಸಿಗೆ ಬಿಟ್ಟದ್ದು. ಒತ್ತಾಯ ಮಾಡೂ ಹಂಗಿಲ್ಲ. ಅದಕ್ಕ ನಮ್ಮ ಹುಡುಗಿ ಒತ್ತಾಯ ಮಾಡಲಿಲ್ಲ. ಎರಡೂ ಹುಡುಗ್ಯಾರನ್ನ ಕರಕೊಂಡು ಹೋಗಿ ಅವರ ಮನಿಯವರ ಮುಂದ ಕೂತು ಚಹಾ ಕುಡದು ಬಂದ್ಲು, ಅಷ್ಟೇ. ಎಂಟು ದಿನದ ಮ್ಯಾಲೆ ಅವರ ಮನಿಯಾಕಿನೇ ಫೋನ್ ಮಾಡಿ "ಕಳಸ್ತೀನಿ ಬಿಡವಾ" ಅಂದ್ಲಂತ.

ಅರ್ಜಿ ಆರು ತಿಂಗಳ ಒಳಗೇ ಹಾಕಿದ್ವಿ. ಅರ್ಜಿದಾರರು ಇರೂ ಊರಿನ ಕಡೇನೇ ಹಾಕಬಹುದು, ಅಪಘಾತ ಆದಲ್ಲೇ ಹೋಗಬೇಕಂತಿಲ್ಲ. ಅದೊಂದು ಅನುಕೂಲ ಆತು. ಈಗ ಆಕಿ ಸಾಕ್ಷಿ ಮುಗದದ. ಟ್ರ್ಯಾಕ್ಟರ್ ಇನ್ಶುರನ್ಸಿನ ವಕೀಲರು ಆಕೀನ ಅರ್ಧಾ ತಾಸು ನಿಲ್ಲಿಸಿ ಕೇಳಿದ್ರು. ಟ್ರ್ಯಾಕ್ಟರಿಗೆ ವಿಮಾ ಅದ, ಟ್ರೇಲರಿಗೆ ಇಲ್ಲ ಅಂತ ಅವರದೊಂದು ವಾದ. "ನಿಮ್ಮ ಯಜಮಾನ್ರು ಎಷ್ಟು ಜೋರ ಹೊಡೀತಿದ್ರು? ಹೆಲ್ಮೆಟ್ ಇತ್ತೇನು? ಕಣ್ಣು ನೆಟ್ಟಗಿದ್ವೇನು?" ಅಂತೆಲ್ಲಾ ಕೇಳಿದ್ರಂತ. ಆಕಿ ಒಂದೇ ಮಾತು ಹೇಳ್ಯಾಳ, "ನಾ ಗಾಡಿ ಮ್ಯಾಲೆ ಇದ್ದಿದ್ದಿಲ್ರಿ ಸಾಹೇಬ್ರ, ಮನ್ಯಾಗ ರೊಟ್ಟಿ ಬಡೀಲಿಕತ್ತಿದ್ದೆ. ನೋಡಿದವರು ಬರ್ತಾರ, ಅವರನ್ನ ಕೇಳ್ರಿ." ಸರಿ ಹೇಳಿದ್ಲು ಅಂದ್ರು ವಕೀಲರು. ಕಾಣದ್ದನ್ನ ಕಂಡೆ ಅಂದಿದ್ರ ಅಲ್ಲೇ ಸಿಕ್ಕೊಂಡು ಬೀಳ್ತಿದ್ಲು.

ಹಾಲಿನ ಗಾಡಿಯವರ ಸಾಕ್ಷಿ ಮುಂದಿನ ತಾರೀಖಿಗೆ ಅದ, ಚೌತಿ ಆದ ಮ್ಯಾಲೆ. ಅವರು ನಸಿಕಿನ್ಯಾಗ ಹಾಲು ಹಾಕಿ ಬಂದು ಹತ್ತೂವರಿಗೆ ಕೋರ್ಟಿನ್ಯಾಗ ಇರಬೇಕು, ಬಸ್ಸಿಗೆ ಆಗೂದಿಲ್ಲ. ಮೊನ್ನೆ ರಾತ್ರಿ ಊಟಕ್ಕ ಕೂತಾಗ ಇದೇ ಮಾತು ನಡದಿತ್ತು, ಬಾಡಿಗಿ ಗಾಡಿ ಹೇಳೂಣೇನು ಅಂತ. ಸೊಸಿ ಸಾರು ಬಡಸಿಕೋತ, "ಬಾಡಿಗಿ ಯಾಕ ಅತ್ಯಾ, ನಾ ಕರಕೊಂಡು ಹೋಗ್ತೀನಲ್ಲ" ಅಂದ್ಲು. ನಮ್ಮ ಮನಿಯವರು ಏನೋ ಅನ್ನಲಿಕ್ಕೆ ಬಾಯಿ ತಗದ್ರು. ನಾನು ಅವರ ಎಲಿಗೆ ಇನ್ನೊಂದು ಸೌಟು ಅನ್ನಾ ಹಾಕಿದೆ.